ಬಾಸ್ಕರ ಪಿತೃವಂಶವೂ ಹಳೆಯ ಮೂಳೆಗಳ ಸಾಕ್ಷ್ಯವೂ

ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಪಿರನೀಸ್ ಪರ್ವತಗಳ ಪಶ್ಚಿಮದ ಅಂಚಿನಲ್ಲಿ ನೆಲೆಸಿರುವ ಬಾಸ್ಕರ ಭಾಷೆ ಇಂಡೋ-ಯುರೋಪಿಯನ್ ಬಳಗಕ್ಕೆ ಸೇರಿದ್ದಲ್ಲ. ಹೀಗಾಗಿ ಹಿಮಯುಗದ ಬೇಟೆಗಾರರ ನೇರ ವಾರಸುದಾರರು ಇವರೇ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. ಪಿತೃವಂಶದ ಅಧ್ಯಯನ ಮೊದಲು ಈ ನಂಬಿಕೆಯ ಬೆನ್ನಿಗೆ ನಿಂತಿತು. ಆಮೇಲೆ ಅದರ ಬುಡವನ್ನೇ ಅಲುಗಾಡಿಸಿತು.

ವೈ ವರ್ಣತಂತು ಗೋತ್ರದ ಹಾಗೆ ತಂದೆಯಿಂದ ಮಗನಿಗಷ್ಟೇ ಇಳಿಯುತ್ತದೆ. ಅದರ ಬಹುಭಾಗ ಬೇರೆ ವರ್ಣತಂತುವಿನೊಂದಿಗೆ ಬೆರೆಯುವುದಿಲ್ಲ. ಎಂದೋ ಒಬ್ಬನಲ್ಲಿ ಉಂಟಾದ ಸಣ್ಣ ವ್ಯತ್ಯಾಸ ಅವನ ಗಂಡುಸಂತತಿಯಲ್ಲಿ ಉಳಿದು ಬರುತ್ತದೆ. ಈ ಗುರುತುಗಳ ಆಧಾರದಲ್ಲಿ ವಿಂಗಡಿಸಿದ ಶಾಖೆಗಳೇ ಆರ್1ಬಿ, ಆರ್1ಎ, ಐ2, ಜಿ2ಎ ಮುಂತಾದವು. ಪಶ್ಚಿಮ ಯುರೋಪಿನಲ್ಲಿ ಆರ್1ಬಿಯದೇ ಮೇಲುಗೈ; ಬಾಸ್ಕ್ ಗಂಡಸರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಅದರವರು.

ಐಬೀರಿಯಾದಲ್ಲಿ ಆಶ್ರಯ ಪಡೆದು ಹಿಮಯುಗವನ್ನು ಕಳೆದ ಬೇಟೆಗಾರರಿಂದ ಈ ಶಾಖೆ ಹಬ್ಬಿತೆಂದು ಒರ್ನೆಲ್ಲಾ ಸೆಮಿನೊ ಮತ್ತು ಸಂಗಡಿಗರು 2000ದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು. 2010ರಲ್ಲಿ ಪ್ಯಾಟ್ರಿಶಿಯಾ ಬಲರೆಸ್ಕ್ ಅವರ ತಂಡ ಅದನ್ನು ತಳ್ಳಿಹಾಕಿ, ಪಶ್ಚಿಮ ಏಷ್ಯಾದಿಂದ ಬೇಸಾಯ ತಂದವರೊಂದಿಗೆ ಅದು ಬಂದಿತೆಂದಿತು. ಒಂದೇ ಶಾಖೆಯ ಆಗಮನಕಾಲ ಹತ್ತೇ ವರ್ಷಗಳ ಚರ್ಚೆಯಲ್ಲಿ ಸಾವಿರಾರು ವರ್ಷ ಈಚೆಗೆ ಸರಿಯಿತು. ಇಬ್ಬರೂ ನೋಡಿದ್ದು ಬದುಕಿರುವವರ ಡಿಎನ್‌ಎಯನ್ನು. ಇಂದು ಒಂದು ಶಾಖೆ ದಟ್ಟವಾಗಿರುವ ಕಡೆಯೇ ಅದು ಹಳೆಯದೂ ಆಗಿರಬೇಕೆಂಬ ಊಹೆಗೆ ಆಧಾರವಿರಲಿಲ್ಲ.

ಉತ್ತರ ಬಂದದ್ದು ಸಮಾಧಿಗಳಿಂದ. ಆಲ್ಪ್ಸ್‌ನಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಹಿಮಮಾನವ ಓಟ್ಜಿ ಜಿ2ಎ ಶಾಖೆಯವನು. ಆದಿಕೃಷಿಕರಲ್ಲಿ ಈ ಶಾಖೆ ಪದೇ ಪದೇ ಕಾಣುತ್ತದೆ. ಅವರಿಗಿಂತ ಹಿಂದಿನ ಬೇಟೆಗಾರರಲ್ಲಿ ಐ2 ಹೆಚ್ಚು. ಆರ್1ಬಿ ಅಲ್ಲೊಂದು ಇಲ್ಲೊಂದು ಸಿಕ್ಕರೂ, ಇಂದು ವ್ಯಾಪಿಸಿರುವ ಎಂ269 ಉಪಶಾಖೆಯ ಸುಳಿವು ಪಶ್ಚಿಮದಲ್ಲಿರಲಿಲ್ಲ. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳು ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿನ ಯಮ್ನಾಯ ಪಶುಪಾಲಕರತ್ತ ಬೊಟ್ಟು ಮಾಡಿದವು. ಕ್ರಿ.ಪೂ. 3000ದ ನಂತರ ಅವರ ವಂಶಾಂಶ ಮಧ್ಯ ಯುರೋಪನ್ನು ಹೊಕ್ಕಿತ್ತು.

ಐಬೀರಿಯಾದ ಪ್ರಕರಣವಂತೂ ದಂಗುಬಡಿಸುವಂಥದ್ದು. ಇನಿಗೊ ಒಲಾಲ್ಡೆ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕ್ರಿ.ಪೂ. 2000ದ ಹೊತ್ತಿಗೆ ಅಲ್ಲಿನ ಒಟ್ಟು ವಂಶಾಂಶದಲ್ಲಿ ಬದಲಾದದ್ದು ಸುಮಾರು ಶೇ. 40, ವೈ ವರ್ಣತಂತುಗಳಲ್ಲಿ ಬದಲಾದದ್ದು ಹೆಚ್ಚುಕಡಿಮೆ ಪೂರ್ತಿ. ಕಾಸ್ತಿಯೆಹೊ ದೆಲ್ ಬೊನೆತೆ ಎಂಬಲ್ಲಿನ ಸಮಾಧಿಯಲ್ಲಿ ಜೊತೆಗೆ ಹೂಳಲಾಗಿದ್ದ ಗಂಡಿನಲ್ಲಿ ಹುಲ್ಲುಗಾವಲಿನ ಅಂಶವಿತ್ತು, ಹೆಣ್ಣಿನಲ್ಲಿ ಇರಲಿಲ್ಲ. ಇದನ್ನೇ ಹಿಡಿದು ಬಂದವರು ಸ್ಥಳೀಯ ಗಂಡಸರನ್ನೆಲ್ಲ ಕೊಂದರೆಂದು ಬರೆದವರುಂಟು. ಆ ತೀರ್ಮಾನ ನನಗೆ ಅವಸರದ್ದಾಗಿ ಕಾಣುತ್ತದೆ. ಬದಲಾವಣೆಗೆ ಹಿಡಿದದ್ದು ಸುಮಾರು ಐದು ಶತಮಾನ. ಸಂಪತ್ತು, ಸ್ಥಾನಮಾನಗಳು ಕೆಲವೇ ಮನೆತನಗಳ ಗಂಡುಮಕ್ಕಳಿಗೆ ದಕ್ಕುತ್ತ ಹೋದರೂ, ತಲೆಮಾರುಗಳ ಮೇಲೆ ಇಂಥದೇ ಫಲ ಬರಬಲ್ಲದು.

ಬಾಸ್ಕರ ಆರ್1ಬಿಯೂ ಎಂ269ರ ಕವಲೇ. ಅಂದರೆ ಅವರ ಪಿತೃವಂಶ ಹಿಮಯುಗದ್ದಲ್ಲ. ಕಂಚಿನ ಯುಗದ ಆರಂಭದ ವಲಸೆಯದು. ಇಂಡೋ-ಯುರೋಪಿಯನ್ ನುಡಿಗಳ ಹರಡುವಿಕೆಗೆ ಯಾವ ವಲಸೆಯನ್ನು ಕಾರಣವೆನ್ನುತ್ತಾರೋ, ಅದೇ ವಲಸೆಯ ಗಂಡುವಂಶ ಇಲ್ಲಿದೆ, ಆದರೆ ನುಡಿ ಬೇರೆಯೇ. ಮಕ್ಕಳು ತಾಯಂದಿರ ಮಾತು ಕಲಿತು ಉಳಿಸಿಕೊಂಡಿರಬಹುದೆಂಬ ವಿವರಣೆ ಆಕರ್ಷಕ, ಆದರೆ ಮೂಳೆಯಿಂದ ಅದನ್ನು ಸಾಬೀತುಮಾಡಲಾಗದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1,024 ಪೂರ್ವಜರ ಸ್ಥಾನಗಳಿರುತ್ತವೆ. ವೈ ವರ್ಣತಂತು ಹೇಳುವುದು ಅವರಲ್ಲಿ ಒಬ್ಬನ ಸುದ್ದಿಯನ್ನು.

ಇನ್ನೊಂದು ತೊಡಕೂ ಇದೆ. ಯಮ್ನಾಯ ಸಮಾಧಿಗಳಲ್ಲಿ ಹೆಚ್ಚಾಗಿ ಸಿಕ್ಕಿರುವುದು ಆರ್1ಬಿಯ ಝಡ್2103 ಕವಲು. ಪಶ್ಚಿಮದವರದು ಅದರ ದಾಯಾದಿ ಎಲ್51. ಬೊಹೀಮಿಯಾದ ಆರಂಭಿಕ ಕಾರ್ಡೆಡ್ ವೇರ್ ಸಂಸ್ಕೃತಿಯ ಸಮಾಧಿಗಳಲ್ಲಿ ಎಲ್51ರ ಮುಂದಿನ ಕುಡಿಯಾದ ಎಲ್151 ಪತ್ತೆಯಾದದ್ದು 2021ರಲ್ಲಿ ಪ್ರಕಟವಾದ ಮೇಲೆ, ಹುಲ್ಲುಗಾವಲಿಗೂ ಅಟ್ಲಾಂಟಿಕ್ ತೀರಕ್ಕೂ ನಡುವಣ ಹಾದಿಯ ಒಂದು ತಂಗುದಾಣವಾದರೂ ಗೊತ್ತಾಗಿದೆ.