ಮದರಾಸಿನ ಮಧುಮೇಹ ಚರಿತ್ರೆ ಮತ್ತು ಕನ್ನಡದ ಅಡುಗೆಮನೆ

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವಾಗ ನಾವು ಸಂಘಗಳನ್ನು, ಶಾಲೆಗಳನ್ನು, ಪತ್ರಿಕೆಗಳನ್ನು, ನಾಟಕಗಳನ್ನು ನೆನೆಯುತ್ತೇವೆ. ನಮ್ಮವರ ಕಾಯಿಲೆಗಳ ಚರಿತ್ರೆಯನ್ನು ಬರೆದವರು ಕಡಿಮೆ. ಆದರೆ ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಿಗೆ ಅಂಥದೊಂದು ಚರಿತ್ರೆ ಕಣ್ಣೆದುರಿಗೇ ಇದೆ. ಭಾರತದಲ್ಲಿ ಮಧುಮೇಹದ ಅಧ್ಯಯನ ಮತ್ತು ಚಿಕಿತ್ಸೆಗೆ ಅಡಿಪಾಯ ಹಾಕಿದ ನಗರಗಳಲ್ಲಿ ಮದರಾಸು ಮುಖ್ಯವಾದುದು. ಆ ಕೆಲಸದ ಒಂದು ಪ್ರಮುಖ ಅಧ್ಯಾಯ ನಡೆದದ್ದು ಕರ್ನಾಟಕದ ನೆಲದಲ್ಲಿ, ಕುದುರೆಮುಖದಲ್ಲಿ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು; ಬಳ್ಳಾರಿ 1953ರವರೆಗೆ ಅಲ್ಲಿಯೇ ಇತ್ತು. ಓದಿಗಾಗಿ, ಉದ್ಯೋಗಕ್ಕಾಗಿ, ವ್ಯಾಪಾರಕ್ಕಾಗಿ ಈ ಭಾಗದ ಜನರಿಗೆ ಮದರಾಸು ಪರನಾಡಾಗಿರಲಿಲ್ಲ, ರಾಜಧಾನಿಯಾಗಿತ್ತು. ತಿರುವಲ್ಲಿಕ್ಕೇಣಿಯ ಸುತ್ತಮುತ್ತ ಕನ್ನಡ ಮಾತನಾಡುವ ಮಾಧ್ವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿದ್ದವು. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಇಡ್ಲಿ, ದೋಸೆ, ಕಾಫಿಗಳ ಉಡುಪಿ ಹೋಟೆಲು ಆ ನಗರದ ದಿನಚರಿಯ ಭಾಗವಾಯಿತು. ಹೀಗೆ ನಮ್ಮವರು ಮದರಾಸಿನ ಊಟವನ್ನು ರೂಪಿಸುತ್ತಿದ್ದ ಕಾಲದಲ್ಲಿಯೇ, ಅದೇ ನಗರದ ಉತ್ತರ ಭಾಗದಲ್ಲಿ ಒಬ್ಬ ವೈದ್ಯರು ಊಟಕ್ಕೂ ಸಕ್ಕರೆ ಕಾಯಿಲೆಗೂ ಇರುವ ಸಂಬಂಧವನ್ನು ಪರಿಶೀಲಿಸತೊಡಗಿದ್ದರು.

ಅವರು ಡಾ. ಎಂ. ವಿಶ್ವನಾಥನ್. 1948ರಲ್ಲಿ ಅವರು ಸ್ಟಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಿಗಳಿಗಾಗಿಯೇ ಪ್ರತ್ಯೇಕ ವಿಭಾಗವೊಂದನ್ನು ಆರಂಭಿಸಿದರು. ನಮ್ಮ ದೇಶದ ಇಂಥ ಮೊದಮೊದಲ ವಿಭಾಗಗಳಲ್ಲಿ ಅದು ಒಂದು. 1954ರಲ್ಲಿ ರಾಯಪುರದಲ್ಲಿ ಅವರು ಕಟ್ಟಿದ ಆಸ್ಪತ್ರೆ ಕಾಲಕ್ರಮದಲ್ಲಿ ಮಧುಮೇಹದ ದೊಡ್ಡ ಸಂಶೋಧನ ಕೇಂದ್ರವಾಗಿ ಬೆಳೆಯಿತು. ವಿಶ್ವನಾಥನ್ನರ ಎದುರಿಗಿದ್ದ ಪ್ರಶ್ನೆ ಸರಳವಾಗಿತ್ತು. ಪಾಶ್ಚಾತ್ಯ ವೈದ್ಯಗ್ರಂಥಗಳು ಪಿಷ್ಟ ಪದಾರ್ಥಗಳನ್ನು ಬಹುವಾಗಿ ಕಡಿಮೆ ಮಾಡಿ, ಮಾಂಸ, ಮೊಟ್ಟೆ, ಕೊಬ್ಬುಗಳ ಕಡೆಗೆ ರೋಗಿಯನ್ನು ತಿರುಗಿಸುತ್ತಿದ್ದವು. ಅನ್ನವನ್ನೇ ಊಟವೆಂದು ಕರೆಯುವ, ಬಹುಪಾಲು ಸಸ್ಯಾಹಾರವನ್ನೇ ಉಣ್ಣುವ ಜನಕ್ಕೆ ಆ ಪಥ್ಯವನ್ನು ಹೇಳಿದರೆ ಪಾಲಿಸುವವರು ಯಾರು? ಅವರು ಪಿಷ್ಟವನ್ನು ಉಳಿಸಿಕೊಂಡೇ ನಾರನ್ನು ಹೆಚ್ಚಿಸುವ ದಾರಿ ಹಿಡಿದರು: ಬೇಳೆಕಾಳು, ಸೊಪ್ಪು, ತರಕಾರಿಗಳು ಹೆಚ್ಚಾಗಿರುವ ಊಟವನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶಗಳನ್ನು 1970ರ ದಶಕದಲ್ಲಿ ಪ್ರಕಟಿಸಿದರು. ‘ಸಂಸ್ಕೃತಿಗೆ ಹೊಂದಿಸಿದ ಚಿಕಿತ್ಸೆ’ ಎಂಬ ಮಾತು ಬಳಕೆಗೆ ಬರುವ ಮೊದಲೇ ನಡೆದ ಕೆಲಸ ಇದು.

ಕುದುರೆಮುಖದ ಅಧ್ಯಾಯ ಬರುವುದು ಇದರ ಮುಂದೆ. 1980ರ ದಶಕದ ಮಧ್ಯದಲ್ಲಿ ಲಂಡನ್ನಿನ ಸೌತಾಲ್ ಬಡಾವಣೆಯಲ್ಲಿ ನಡೆದ ಸಮೀಕ್ಷೆ, ಅಲ್ಲಿ ನೆಲೆಸಿದ ಏಷ್ಯನ್ನರಲ್ಲಿ ಮಧುಮೇಹ ಯುರೋಪಿಯನ್ನರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ತೋರಿಸಿತ್ತು. ಸಮುದ್ರ ದಾಟಿದ್ದೇ ಇದಕ್ಕೆ ಕಾರಣವೆಂದು ಭಾವಿಸಲು ಅವಕಾಶವಿತ್ತು. ಮದರಾಸಿನ ಸಂಶೋಧಕರಾದ ಎ. ರಾಮಚಂದ್ರನ್, ವಿ. ಮೋಹನ್, ಸಿ. ಸ್ನೇಹಲತಾ, ವಿಶ್ವನಾಥನ್ ಅವರು ಎಂ. ವಿ. ಜಾಲಿಯವರೊಡನೆ ಸೇರಿ, ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ ಕುದುರೆಮುಖ ಪಟ್ಟಣದಲ್ಲಿ 20 ವರ್ಷ ಮೀರಿದ 678 ಜನರನ್ನು ಪರೀಕ್ಷಿಸಿದರು. ನೂರಕ್ಕೆ 5 ಜನರಲ್ಲಿ ಮಧುಮೇಹವಿತ್ತು. 40 ವರ್ಷ ಮೀರಿದವರಲ್ಲಿ ಅದು ನೂರಕ್ಕೆ 21. ಈ ಅಧ್ಯಯನ 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ, ಕುದುರೆಮುಖದ ಲೆಕ್ಕ ಸೌತಾಲಿನ ಭಾರತೀಯರ ಲೆಕ್ಕಕ್ಕೆ ಸಮೀಪವಾಗಿತ್ತು.

ಇದರ ಅರ್ಥ ಗಂಭೀರವಾದುದು. ಕಾಯಿಲೆ ಬರಲು ಹಡಗು ಹತ್ತಬೇಕಾಗಿರಲಿಲ್ಲ. ಹೊಲದ ದುಡಿಮೆಯನ್ನು ಬಿಟ್ಟು ಸಂಬಳದ ಕೆಲಸಕ್ಕೆ, ವಸತಿಗೃಹಕ್ಕೆ, ಕುಳಿತು ಕಳೆಯುವ ಹೊತ್ತಿಗೆ ಬಂದು ಸೇರಿದರೆ ಸಾಕಾಗಿತ್ತು. ಪಶ್ಚಿಮ ಘಟ್ಟದ ನಡುವಿನ ಆ ಪಟ್ಟಣವೇ ಒಂದು ವಲಸೆಯ ಊರು. ಚೆನ್ನೈಯ ಅಂಕಿಗಳೂ ಅದನ್ನೇ ಹೇಳಿದವು: 1989ರಲ್ಲಿ ಆ ನಗರದ ವಯಸ್ಕರಲ್ಲಿ ಶೇ. 8.3ರಷ್ಟಿದ್ದ ಮಧುಮೇಹ 2004ರ ವೇಳೆಗೆ ಶೇ. 14.3ಕ್ಕೆ ಏರಿತ್ತು.

ತಡೆಗಟ್ಟುವುದು ಸಾಧ್ಯವೇ ಎಂಬ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ ಬಂದದ್ದು ಚೀನಾದಿಂದ. 1986ರಲ್ಲಿ ದಾಚಿಂಗ್ ನಗರದಲ್ಲಿ ಆರಂಭವಾದ ಅಧ್ಯಯನದಲ್ಲಿ, ಸಕ್ಕರೆಯ ಅಂಶ ಏರತೊಡಗಿದ್ದರೂ ಇನ್ನೂ ಮಧುಮೇಹಿಗಳಾಗದ 577 ಜನರು ಪಾಲ್ಗೊಂಡರು. ಆಹಾರ ಮತ್ತು ವ್ಯಾಯಾಮದ ಬದಲಾವಣೆಯಿಂದ ಆರು ವರ್ಷಗಳಲ್ಲಿ ಕಾಯಿಲೆಗೆ ತುತ್ತಾಗುವವರ ಪ್ರಮಾಣ ಗಣನೀಯವಾಗಿ ಇಳಿಯಿತು. 2002ರಲ್ಲಿ ಅಮೆರಿಕದ ಅಧ್ಯಯನವೂ ಇದನ್ನು ದೃಢಪಡಿಸಿತು. ಅಲ್ಲಿ ತೂಕ ಇಳಿಸುವುದೇ ಮುಖ್ಯ ಗುರಿ. ಚೆನ್ನೈಯಲ್ಲಿ ರಾಮಚಂದ್ರನ್ ಅವರ ತಂಡ 531 ಜನರೊಡನೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ನಡಿಗೆ ಮತ್ತು ಆಹಾರದ ಬದಲಾವಣೆಯಿಂದ ಮಧುಮೇಹದ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು, ಹೇಳುವಂಥ ತೂಕ ಇಳಿಯದಿದ್ದರೂ ಪ್ರಯೋಜನ ಕಂಡಿತು. ಮುಂದೆ ವಿ. ಮೋಹನ್ ಅವರ ಸಂಸ್ಥೆ ಅಮೆರಿಕದ ಪಾಠಕ್ರಮವನ್ನು ಇಲ್ಲಿನ ಜೀವನಕ್ಕೆ ಹೊಂದಿಸಿ 578 ಜನರಿಗೆ ಗುಂಪುಪಾಠಗಳ ಮೂಲಕ ಕಲಿಸಿತು; ಅಗತ್ಯವಿದ್ದವರಿಗೆ ಔಷಧವನ್ನೂ ಸೇರಿಸಿದ ಆ ಕ್ರಮದಿಂದ ಅಪಾಯ ಶೇ. 32ರಷ್ಟು ಇಳಿಯಿತೆಂಬ ವರದಿ 2016ರಲ್ಲಿ ಬಂತು.

ಹೀಗೆ ಮದರಾಸು ಪರದೇಶದ ಪಾಠವನ್ನು ತನ್ನ ಜನಕ್ಕೆ ಹೊಂದಿಸಿಕೊಂಡಿತು. ಈಗ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ಹೊಂದಾಣಿಕೆಯೊಳಗೆ ಚೆನ್ನೈಯ ಕನ್ನಡ ಮನೆ ಸೇರಿದೆಯೇ? ದೂರದಿಂದ ನೋಡುವವರಿಗೆ ತಮಿಳು ಊಟವೂ ಕನ್ನಡ ಊಟವೂ ಒಂದೇ: ಅನ್ನ, ಸಾರು, ಪಲ್ಯ, ಮೊಸರು. ಒಲೆಯ ಹತ್ತಿರ ಹೋದರೆ ಅಂತರ ಕಾಣುತ್ತದೆ. ತಮಿಳು ಸಾಂಬಾರಿಗೆ ಸಾಮಾನ್ಯವಾಗಿ ಬೆಲ್ಲವಿಲ್ಲ. ನಮ್ಮ ಅನೇಕ ಮನೆಗಳ ಹುಳಿಗೆ, ಸಾರಿಗೆ, ಗೊಜ್ಜಿಗೆ, ಪಲ್ಯಕ್ಕೆ ಸಹ ಬೆಲ್ಲ ಬೀಳುತ್ತದೆ. ‘ಸಿಹಿ ತಿನ್ನಬೇಡಿ’ ಎಂಬ ಸಲಹೆಯನ್ನು ನಿಷ್ಠೆಯಿಂದ ಪಾಲಿಸುವ ಹಿರಿಯರೊಬ್ಬರು ಈ ಬೆಲ್ಲವನ್ನು ಸಿಹಿಯೆಂದು ಎಣಿಸುವುದೇ ಇಲ್ಲ, ಏಕೆಂದರೆ ಅದು ಅಡುಗೆಯ ಹದ, ತಿಂಡಿಯಲ್ಲ. ‘ರಾಗಿ ತಿಂದರೆ ಸಕ್ಕರೆ ಏರದು’ ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ರಾಗಿಯಲ್ಲಿ ನಾರೂ ಸುಣ್ಣದಂಶವೂ ಇರುವುದು ನಿಜ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಗಳು ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ.

ವ್ರತಗಳ ವಿಷಯ ಇನ್ನೂ ಸೂಕ್ಷ್ಮವಾದುದು. ‘ತರಕಾರಿ ಹೆಚ್ಚು, ಬೇಳೆಕಾಳು ಹೆಚ್ಚು, ಅನ್ನ ಕಡಿಮೆ’ ಎಂಬುದು ಚೆನ್ನೈಯ ಆಹಾರ ಪಟ್ಟಿಯ ಸಾರ. ಆದರೆ ಸಂಪ್ರದಾಯಸ್ಥ ಮಾಧ್ವ ಮನೆಯಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ; ಕೊನೆಯ ತಿಂಗಳು ದ್ವಿದಳವ್ರತ, ಬೇಳೆಕಾಳು ಇಲ್ಲ. ಏಕಾದಶಿಯ ದಿನ ಉಪವಾಸ, ಮರುದಿನ ಬೆಳಗಿನ ಜಾವ ಪಾರಣೆಯ ಪೂರ್ಣ ಊಟ. ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು, ಇನ್ಸುಲಿನ್ನನ್ನು ತೆಗೆದುಕೊಳ್ಳುವವರು ಎಂದಿನ ಪ್ರಮಾಣದಲ್ಲಿಯೇ ಅದನ್ನು ಸೇವಿಸಿ ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆವರು, ನಡುಕ, ಮಂಕು ಅದರ ಲಕ್ಷಣಗಳು. ಇದನ್ನು ವೈದ್ಯರಿಗೆ ಮೊದಲೇ ತಿಳಿಸಿ ಔಷಧದ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಳ್ಳಲು ಸಾಧ್ಯವಿದೆ. ಆದರೆ ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಎಷ್ಟೋ ವರ್ಷಗಳಿಂದ ಆ ಊರಿನಲ್ಲಿದ್ದು ತಮಿಳನ್ನು ಮಾತನಾಡಬಲ್ಲ ನಮ್ಮ ಹಿರಿಯರಿಗೂ, ವ್ರತದ ಮಾತನ್ನು, ಕಾಲಿನ ಉರಿಯ ಮಾತನ್ನು ಎರಡನೆಯ ನುಡಿಯಲ್ಲಿ ಹೇಳುವುದು ಸುಲಭವಲ್ಲ.

ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ವಲಸೆಗಾರ ಕುಟುಂಬಗಳನ್ನು ಅಧ್ಯಯನ ಮಾಡಿದವರು ಕಂಡದ್ದು ಇದಕ್ಕೆ ಬಹಳ ಸಮೀಪವಾಗಿದೆ. ಅಲ್ಲಿಯೂ ಅನ್ನವೇ ಊಟ; ಎಲ್ಲರೂ ಒಂದೇ ಮೇಜಿನಿಂದ ಹಂಚಿಕೊಂಡು ಉಣ್ಣುವುದು ಮನೆಯ ಒಗ್ಗಟ್ಟಿನ ಗುರುತು. ಒಬ್ಬರಿಗಾಗಿ ಬೇರೆ ಅಡುಗೆ ಕೇಳಿದರೆ ಮನೆಯವರಿಗೆ ಹೊರೆಯಾದೀತೆಂದು ರೋಗಿ ಮೌನವಾಗಿ ಅದೇ ಊಟವನ್ನು ಉಣ್ಣುತ್ತಾರೆ. ಆದ್ದರಿಂದ ರೋಗಿಯೊಬ್ಬರನ್ನೇ ಕೂರಿಸಿ ಹೇಳುವ ಬುದ್ಧಿಮಾತು ಸಾಲದು, ಮನೆಯವರನ್ನೂ ಸೇರಿಸಿಕೊಳ್ಳಬೇಕೆಂದು ಆ ಅಧ್ಯಯನಗಳು ತೋರಿಸಿದವು. ಚೀನೀ ವಲಸೆಗಾರರ ಭಾಷೆ ಬೇರೆಯೆಂದು ಅಮೆರಿಕದ ಆಸ್ಪತ್ರೆಗೆ ತಕ್ಷಣ ತಿಳಿಯುತ್ತದೆ. ಚೆನ್ನೈಯಲ್ಲಿ ನಾವು ನೆರೆಯವರಂತೆಯೇ ಕಾಣುತ್ತೇವೆ. ಆದುದರಿಂದ ನಮ್ಮ ಬೇರೆತನ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮುಂಬಯಿ, ಹೈದರಾಬಾದು, ಪುಣೆಗಳಲ್ಲಿರುವ ಓದುಗರಿಗೂ ಈ ಅನುಭವ ಹೊಸದಾಗಿರಲಾರದು.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಅದರ ಅಂಚಿನಲ್ಲಿರುವವರು 13 ಕೋಟಿಗೂ ಹೆಚ್ಚು. ಇಷ್ಟು ದೊಡ್ಡ ಸಂಖ್ಯೆಯ ನಡುವೆ ಪ್ರತಿಯೊಂದು ನುಡಿಯ ಅಡುಗೆಮನೆಯನ್ನೂ ಆಸ್ಪತ್ರೆಗಳೇ ಅರಿಯಲಿ ಎಂದು ಕಾಯುತ್ತ ಕೂರಲಾಗದು. ಹೊರನಾಡ ಸಂಘಗಳು ರಾಜ್ಯೋತ್ಸವಕ್ಕೆ ಕೊಡುವ ಶ್ರಮದ ಒಂದು ಪಾಲನ್ನು ಇದಕ್ಕೆ ಕೊಡಬಹುದು: ಊರಿನ ಆಹಾರತಜ್ಞರೊಬ್ಬರನ್ನು ಕರೆಸಿ, ನಮ್ಮ ಹುಳಿ, ಗೊಜ್ಜು, ಮುದ್ದೆ, ರೊಟ್ಟಿ, ಪಾಯಸಗಳನ್ನು ಹೆಸರಿಟ್ಟು ಬರೆದ ಕನ್ನಡ ಆಹಾರ ಪಟ್ಟಿಯೊಂದನ್ನು ಸಿದ್ಧಪಡಿಸುವುದು, ಅದರಲ್ಲಿ ಏಕಾದಶಿಯ, ಚಾತುರ್ಮಾಸ್ಯದ ದಿನಗಳಿಗೆ ಪ್ರತ್ಯೇಕ ಅಂಕಣವಿಡುವುದು, ಹಿರಿಯರು ವೈದ್ಯರಲ್ಲಿಗೆ ಹೋಗುವಾಗ ಅಡುಗೆ ಮಾಡುವವರೂ ಜೊತೆಗೆ ಹೋಗುವ ರೂಢಿಯನ್ನು ಬೆಳೆಸುವುದು. ರೋಗಿಯ ಎಲೆಯಲ್ಲಿ ಏನಿದೆಯೆಂದು ನೋಡಿ ಪಥ್ಯ ಹೇಳುವ ಪದ್ಧತಿಯನ್ನು ರಾಯಪುರದ ವೈದ್ಯರು ಅರ್ಧ ಶತಮಾನದ ಹಿಂದೆಯೇ ಆರಂಭಿಸಿದರು. ಆ ಎಲೆಯಲ್ಲಿ ನಮ್ಮ ಮನೆಯ ಅಡುಗೆ ಏನೇನಿದೆ ಎಂಬುದನ್ನು ಅವರಿಗೆ ತಿಳಿಸುವ ಕೆಲಸ ನಮ್ಮದು.