ದಿವಾನ್ ಮಿರ್ಜಾ ಸಾಹೇಬರ ಮೇಲೆ ಎರಡು ದೂರು

ದಿವಾನರ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, "ಸರ್, ಮಿರ್ಜಾ ಇಸ್ಮಾಯಿಲ್ ನಮ್ಮವರಲ್ವಾ? ಅವರ ಮೇಲೆ ಸುಳ್ಳು ಅಪವಾದ ಹೊರಿಸಿದ್ದರಂತೆ" ಎಂದ. ನಮ್ಮವರು ಎಂದಮೇಲೆ ತಪ್ಪಿಲ್ಲ ಎಂದು ಆತ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಆ ಪ್ರಶ್ನೆಗೆ ಅಂದು ತರಗತಿಯಲ್ಲಿ ಪೂರ್ತಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈ ಲೇಖನ.

ಸರ್ ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೂ ಆಗ ಅವರ ಆಡಳಿತಕ್ಕೇ ಸೇರಿದ್ದವು.

1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಸರ್ಕಾರಿ ಶಾಲೆಯೊಂದರ ಗಣಪತಿ ವಿಗ್ರಹದ ವಿಚಾರವಾಗಿ ವಿವಾದ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ಗಲಭೆಯಾಯಿತು. ದಿವಾನರು ಮುಸಲ್ಮಾನರು. ಇಷ್ಟು ಸಾಕಾಯಿತು! ತಮ್ಮ ಜನರ ಪಕ್ಷ ವಹಿಸುತ್ತಾರೆಂಬ ಮಾತು ಊರೂರಿಗೆ ಹರಡಿತು. ಅವರ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಲು ಹೋದದ್ದೂ ನಿಜ. ಬಾಯಿ ಕಟ್ಟಿದಷ್ಟೂ ಗಾಳಿಮಾತು ಬಲಿಯುತ್ತದೆ ಎಂಬುದನ್ನು ದಿವಾನರು ಗಮನಿಸಲಿಲ್ಲವೇನೋ.

ಆದರೆ ಒಂದು ಒಳ್ಳೆಯ ಕೆಲಸ ಆಯಿತು. ವಿಚಾರಣಾ ಸಮಿತಿ ನೇಮಕವಾಯಿತು. ಅಧ್ಯಕ್ಷರು ಯಾರು ಬಲ್ಲಿರಾ? ಮಾಜಿ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನರ ಮುಲಾಜಿಗೆ ಒಳಗಾಗುವವರಲ್ಲ, ಬೀದಿಯ ಕೂಗಿಗೂ ಅಲುಗುವವರಲ್ಲ. ಸಮಿತಿ ಗಲಭೆಯ ಕಾರಣ ಹುಡುಕುವುದಕ್ಕೇ ನಿಲ್ಲದೆ, ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಬೇಕೆಂಬ ಮಾತನ್ನೂ ಎತ್ತಿತು. ಅಂದರೆ ಪ್ರಶ್ನೆ ದಿವಾನರ ಮತದ್ದಲ್ಲ, ಆಡಳಿತ ಯಾರಿಗೆ ಉತ್ತರ ಹೇಳಬೇಕು ಎಂಬುದು. ಗದ್ದಲದಲ್ಲಿ ಕೇಳದೇ ಹೋದ ಈ ಪ್ರಶ್ನೆ ಕೂತು ವಿಚಾರಿಸಿದಾಗ ಹೊರಬಂತು.

ಸುದ್ದಿ ಬಂದಾಗ ಮೊದಲು ಪರಿಶೀಲಿಸಿ ಎಂಬ ಸೂರಃ ಹುಜುರಾತ್‌ನ ಆದೇಶ ನಮ್ಮ ಮಕ್ಕಳಿಗೆ ಗೊತ್ತು. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂದು ಸೂರಃ ನಿಸಾ ಹೇಳುವುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಆದ್ದರಿಂದ ನಮ್ಮ ಜಿಲ್ಲೆಯ ಒಂದು ಸಂಗತಿಯನ್ನೂ ಹೇಳಬೇಕು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಜನ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು. ಇದೇ ಮಿರ್ಜಾ ಸಾಹೇಬರ ಸರ್ಕಾರ ಅವರನ್ನು ಜೈಲಿಗೆ ಕಳುಹಿಸಿತು. ಅಂದು ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರೂ ಆ ಹೋರಾಟದಲ್ಲಿದ್ದವರು. ಆ ಜನರ ದೂರು ಮತದ ದೂರಲ್ಲ. ಅದನ್ನು ಅಪವಾದ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಎರಡನೆಯ ದೂರು. 1946ರಲ್ಲಿ ಮಿರ್ಜಾ ಸಾಹೇಬರು ಹೈದರಾಬಾದಿನ ಪ್ರಧಾನಿಯಾದರು. ಅವರ ನೇಮಕವನ್ನು ಜಿನ್ನಾ ವಿರೋಧಿಸಿದ್ದರು. ದೇಶ ವಿಭಜನೆ ಬೇಡವೆಂದ ಈ ಮನುಷ್ಯನನ್ನು ಅಲ್ಲಿಯ ಇತ್ತೆಹಾದ್‌ನವರು ಮುಸ್ಲಿಮರ ವೈರಿ ಎಂದರು. ಬೆಂಗಳೂರಿನಲ್ಲಿ ಮುಸ್ಲಿಮರ ಪಕ್ಷಪಾತಿ, ಹೈದರಾಬಾದಿನಲ್ಲಿ ಮುಸ್ಲಿಮರ ಶತ್ರು! ಅಲ್ಲಿ ಕೂತು ವಿಚಾರಿಸಲು ಒಬ್ಬ ವಿಶ್ವೇಶ್ವರಯ್ಯ ಇರಲಿಲ್ಲ. ಒಂದು ವರ್ಷವೂ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಮರುವರ್ಷ ಹೈದರಾಬಾದಿಗೆ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ.

ಇಷ್ಟನ್ನೂ ಆ ಹುಡುಗನಿಗೆ ಮರುದಿನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತುರುವನೂರಿನವರು ಜೈಲಿನಲ್ಲಿ ಎಷ್ಟು ದಿನ ಇದ್ದರು ಸರ್?" ಎಂದು ಕೇಳಿದ.