ಗಣಿಯ ಸಂಬಳ, ಅಡುಗೆಮನೆಯ ಲೆಕ್ಕ

ಗಣಿಗಳ ಚರಿತ್ರೆ ಬರೆಯುವವರು ಅದಿರಿನ ತೂಕ, ಸುರಂಗದ ಆಳ, ಮಾಲೀಕರ ಹೆಸರುಗಳನ್ನು ತಪ್ಪದೆ ದಾಖಲಿಸುತ್ತಾರೆ. ಕಾರ್ಮಿಕರ ಮುಷ್ಕರಗಳಿಗೂ ಅಲ್ಲಿ ಒಂದಿಷ್ಟು ಜಾಗ ಸಿಗುತ್ತದೆ. ಆದರೆ ಗಣಿಗೆ ಇಳಿಯುವವನಿಗೆ ಬೆಳಗಿನ ಜಾವ ಎದ್ದು ತಿಂಡಿ ಮಾಡಿಕೊಟ್ಟವಳ ಹೆಸರು ಆ ಪುಟಗಳಲ್ಲಿ ಕಾಣುವುದು ಅಪರೂಪ. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ದೊಮಿತಿಲಾ ಬಾರಿಯೋಸ್ ದೆ ಚುಂಗಾರ ಇದಕ್ಕೊಂದು ಅಪವಾದ. ಗಣಿ ಕಾರ್ಮಿಕನ ಹೆಂಡತಿಯಾಗಿ ಏಳು ಮಕ್ಕಳನ್ನು ಸಾಕಿದ ಈ ತಾಯಿ 2012ರ ಮಾರ್ಚ್ 13ರಂದು ತೀರಿಕೊಂಡಾಗ ಅಲ್ಲಿನ ಸರ್ಕಾರ ಮೂರು ದಿನಗಳ ರಾಷ್ಟ್ರೀಯ ಶೋಕ ಘೋಷಿಸಿತು.

ದೊಮಿತಿಲಾ ಹುಟ್ಟಿದ್ದು 1937ರಲ್ಲಿ, ಆಂಡಿಸ್ ಪರ್ವತಶ್ರೇಣಿಯ ಸಿಗ್ಲೊ ವೇಯಿಂತೆ ಎಂಬ ತವರದ ಗಣಿಯ ಊರಿನಲ್ಲಿ. ಸ್ಪ್ಯಾನಿಷ್ ಭಾಷೆಯ ಈ ಹೆಸರಿಗೆ ‘ಇಪ್ಪತ್ತನೆಯ ಶತಮಾನ’ ಎಂದರ್ಥ. ಹೆಸರಿಗೆ ತಕ್ಕ ಸೌಕರ್ಯ ಮಾತ್ರ ಅಲ್ಲಿರಲಿಲ್ಲ. ಬಾಲ್ಯ ಕಳೆದದ್ದು ಪುಲಕಾಯೊ ಎಂಬ ಮತ್ತೊಂದು ಗಣಿಯ ಊರಿನಲ್ಲಿ. ತಾಯಿ ತೀರಿಹೋದಾಗ ಹತ್ತು ವರ್ಷದ ಈ ಹಿರಿಯ ಮಗಳೇ ತಂಗಿಯರಿಗೆ ತಾಯಿಯಾಗಬೇಕಾಯಿತು. ಮದುವೆಯಾದ ಮೇಲೆ ಗಂಡನೊಂದಿಗೆ ಮತ್ತೆ ಸಿಗ್ಲೊ ವೇಯಿಂತೆಗೆ ಬಂದರು.

1952ರ ಕ್ರಾಂತಿಯಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡಿದ್ದವು. ತವರದ ದೊರೆ ಎನಿಸಿದ್ದ ಪಟಿನೊ ಮನೆತನದ ಹಿಡಿತ ತಪ್ಪಿ, ಸರ್ಕಾರಿ ನಿಗಮ ಬಂತು. ಕಾರ್ಮಿಕರ ಬದುಕು ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಸುರಂಗದ ಕಲ್ಲುಧೂಳು ಪುಪ್ಪುಸಗಳನ್ನು ತಿಂದು ಗಂಡಸರನ್ನು ನಡುವಯಸ್ಸಿಗೂ ಮುನ್ನವೇ ಬಲಿ ತೆಗೆದುಕೊಳ್ಳುತ್ತಿತ್ತು. ಇಡೀ ಸಂಸಾರಕ್ಕೆ ನಿಗಮ ಕೊಡುತ್ತಿದ್ದುದು ಒಂದು ಕೋಣೆ. ಗಂಡ ಸತ್ತರೆ ವಿಧವೆ ಮಕ್ಕಳೊಂದಿಗೆ ತೊಂಬತ್ತು ದಿನಗಳೊಳಗೆ ಅದನ್ನೂ ಬಿಟ್ಟುಕೊಡಬೇಕಿತ್ತು.

ದೊಮಿತಿಲಾ ನಸುಕಿನ ನಾಲ್ಕು ಗಂಟೆಗೇ ಏಳುತ್ತಿದ್ದರು. ಗಂಡನ ಸಂಬಳ ಸಾಲದ್ದರಿಂದ, ನಮ್ಮ ಕರ್ಜಿಕಾಯಿಯ ಆಕಾರದ, ಒಳಗೆ ಮಾಂಸ, ಆಲೂಗೆಡ್ಡೆ ತುಂಬಿದ ‘ಸಾಲ್ತೇನ್ಯಾ’ ಮಾಡಿ ಬೀದಿಯಲ್ಲಿ ಮಾರುತ್ತಿದ್ದರು. ನಿಗಮದ ಅಂಗಡಿಯ ಮುಂದೆ ಬ್ರೆಡ್ಡಿಗೊಂದು, ಮಾಂಸಕ್ಕೊಂದು ಸಾಲು. ಮಕ್ಕಳು ಅಲ್ಲಿ ನಿಲ್ಲಬೇಕು. ಅಡುಗೆ, ಒಗೆತ, ಹೊಲಿಗೆ ಮುಗಿಯುವಾಗ ನಡುರಾತ್ರಿ. ಇಷ್ಟಾದರೂ ದುಡಿಯುವವನು ಗಂಡ ಮಾತ್ರ ಎಂಬುದೇ ಊರಿನ ನಂಬಿಕೆ.

ಇದಕ್ಕೆ ಉತ್ತರವಾಗಿ ಆಕೆ ಒಂದು ಪಟ್ಟಿ ತಯಾರಿಸಿದರು. ಬಟ್ಟೆಯನ್ನು ಅಗಸಗಿತ್ತಿಗೆ ಹಾಕಿದರೆ ಡಜನ್ನಿಗೆ ಎಷ್ಟು? ಅಡುಗೆಯವಳ ಸಂಬಳವೆಷ್ಟು? ಮಕ್ಕಳನ್ನು ನೋಡಿಕೊಳ್ಳುವವಳಿಗೆಷ್ಟು? ಎಲ್ಲವನ್ನೂ ಕೂಡಿದಾಗ ಬಂದ ಮೊತ್ತ ಗಂಡನ ತಿಂಗಳ ಸಂಬಳಕ್ಕಿಂತ ಎಷ್ಟೋ ಹೆಚ್ಚಾಗಿತ್ತು! ಇದರಿಂದ ಆಕೆ ತೆಗೆದ ತೀರ್ಮಾನ ಗಂಡಂದಿರ ವಿರುದ್ಧವಾಗಿರಲಿಲ್ಲ. ಒಬ್ಬನಿಗೆ ಸಂಬಳ ಕೊಟ್ಟು ಗಣಿ ಇಡೀ ಮನೆಯನ್ನೇ ದುಡಿಸಿಕೊಳ್ಳುತ್ತಿದೆ ಎಂಬುದು ಅದರ ಸಾರ.

1961ರಲ್ಲಿ ಗಂಡಂದಿರ ಬಂಧನವನ್ನು ಪ್ರತಿಭಟಿಸಿದ ಹೆಂಗಸರು ಗೃಹಿಣಿಯರ ಸಮಿತಿ ಕಟ್ಟಿದ್ದರು. ಮೊದಮೊದಲು ಗಂಡಸರೇ ನಕ್ಕರು. ಈ ಸಮಿತಿಗೆ ದೊಮಿತಿಲಾ ಮುಂದೆ ನಾಯಕಿಯಾದರು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1967ರ ಜೂನ್ 24ರ ಬೆಳಗಿನ ಜಾವ, ಅಲ್ಲಿನ ಕಡುಚಳಿಯಲ್ಲಿ ಬೆಂಕಿ ಹಾಕಿಕೊಂಡು ಸಂತ ಜಾನರ ಹಬ್ಬ ಆಚರಿಸುತ್ತಿದ್ದ ಗಣಿಯ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಈ ಕಗ್ಗೊಲೆಯನ್ನು ಬಹಿರಂಗವಾಗಿ ಖಂಡಿಸಿದ ದೊಮಿತಿಲಾ ಜೈಲು ಸೇರಿದರು. ತುಂಬು ಗರ್ಭಿಣಿಯಾಗಿದ್ದಾಗ ನಡೆದ ಚಿತ್ರಹಿಂಸೆಯಲ್ಲಿ ತಮ್ಮ ಮಗುವನ್ನು ಕಳೆದುಕೊಂಡರು.

1975ರಲ್ಲಿ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ವರ್ಷ ಆಚರಿಸಿದಾಗ ಆಕೆಗೆ ಮೆಕ್ಸಿಕೊದಿಂದ ಆಹ್ವಾನ ಬಂತು. ಅನುಕೂಲಸ್ಥ ಪ್ರತಿನಿಧಿಗಳು ಹೆಣ್ಣೆಂಬ ನೆಲೆಯಲ್ಲಿ ಎಲ್ಲರೂ ಒಂದೇ ಎಂದಾಗ, ನಿಮಗೂ ನಮಗೂ ಬದುಕಿನಲ್ಲಿ ಏನು ಹೋಲಿಕೆ ಎಂದು ನೇರವಾಗಿ ಕೇಳಿದರು. ಅಲ್ಲಿ ಅವರನ್ನು ಕಂಡ ಬ್ರೆಜಿಲಿನ ಮೊಯೆಮಾ ವಿಯೆಜ್ಜರ್ ಅವರ ಬದುಕಿನ ಕಥೆಯನ್ನು ಬರೆದುಕೊಂಡರು. 1977ರಲ್ಲಿ ಪ್ರಕಟವಾದ ಆ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು.

ಅದೇ ವರ್ಷದ ಡಿಸೆಂಬರ್ 28ರಂದು ಗಣಿ ಕಾರ್ಮಿಕರ ನಾಲ್ವರು ಹೆಂಡಿರು ಮಕ್ಕಳೊಂದಿಗೆ ಲಾ ಪಾಜ್ ನಗರದಲ್ಲಿ ಉಪವಾಸ ಕುಳಿತರು. ಗಡೀಪಾರಾದವರಿಗೆಲ್ಲ ಕ್ಷಮಾದಾನ, ವಜಾಗೊಂಡವರಿಗೆ ಮರಳಿ ಕೆಲಸ, ಗಣಿಗಳಿಂದ ಸೈನ್ಯದ ನಿರ್ಗಮನ ಅವರ ಬೇಡಿಕೆಗಳು. ಕೆಲವೇ ದಿನಗಳಲ್ಲಿ ದೊಮಿತಿಲಾ ಅವರ ಜೊತೆಗೂಡಿದರು. ಉಪವಾಸಿಗಳ ಸಂಖ್ಯೆ ಸಾವಿರ ದಾಟಿತು. ಮೂರು ವಾರಗಳೊಳಗೆ ಸರ್ವಾಧಿಕಾರಿ ಬಾನ್ಸರ್ ಸಾರ್ವತ್ರಿಕ ಕ್ಷಮಾದಾನಕ್ಕೆ ಒಪ್ಪಬೇಕಾಯಿತು. 1978ರಲ್ಲಿ ಆತ ಅಧಿಕಾರವನ್ನೂ ಕಳೆದುಕೊಂಡ.

ಆದರೆ ಗೆಲುವು ಶಾಶ್ವತವಾಗಲಿಲ್ಲ. 1980ರ ಸೈನಿಕ ಕ್ರಾಂತಿಯ ವೇಳೆ ವಿದೇಶದಲ್ಲಿದ್ದ ದೊಮಿತಿಲಾ ಸ್ವೀಡನ್ನಿನಲ್ಲಿ ಆಶ್ರಯ ಪಡೆಯಬೇಕಾಯಿತು. ತಾಯ್ನಾಡಿಗೆ ಮರಳಿದ ಬಳಿಕ 1985ರಲ್ಲಿ ತವರದ ಬೆಲೆ ಕುಸಿಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರು ಕೆಲಸ ಕಳೆದುಕೊಂಡರು. ಕೊನೆಯ ವರ್ಷಗಳನ್ನು ಆಕೆ ಕೊಚಬಾಂಬಾ ನಗರದಲ್ಲಿ ಕಳೆದರು. ಬಡವರ ನಡುವೆ ಪಾಠ ಹೇಳುವುದನ್ನು ಬಿಡಲಿಲ್ಲ.

ಸಂಬಳವಿಲ್ಲದ ಮನೆಗೆಲಸ ಇಂದಿಗೂ ದೇಶಗಳ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಬೆಲೆ ಕಟ್ಟುವುದು ಹೇಗೆಂದು ತಜ್ಞರು ಚರ್ಚಿಸುತ್ತಲೇ ಇದ್ದಾರೆ. ಒಂದು ಕೋಣೆಯ ಮನೆಯಲ್ಲಿ ಕುಳಿತು, ಬಟ್ಟೆಯ ಡಜನ್ನುಗಳನ್ನು ಎಣಿಸಿ, ಗಣಿಯವನ ಹೆಂಡತಿ ಆ ಲೆಕ್ಕವನ್ನು ಎಂದೋ ಬರೆದಿಟ್ಟಿದ್ದಳು.